ಎಡಕ್ಕೆ ಹೋಗು, ಮಗಳೇ

ಟ್ರಾವೆಲ್ ನರ್ಸ್ ಅಂದರೆ ಹದಿಮೂರು ವಾರಕ್ಕೊಮ್ಮೆ ಆಸ್ಪತ್ರೆ ಬದಲಿಸಿ, ಮತ್ತೆ ಹೊಸಬಳಾಗುವ ಕೆಲಸ. ಮಾರಿಸ್‌ವಿಲ್ ಹತ್ತಿರದ ಆ ಆಸ್ಪತ್ರೆಯಲ್ಲಿ ಅದು ನನ್ನ ಎರಡನೇ ದಿನ. ಹೊಸಬಳು ಅಂತ ಯಾರಿಗೂ ಗೊತ್ತಾಗಬಾರದೆಂದು, ಏನನ್ನೂ ಕೇಳದೆ, ಎಲ್ಲ ತಿಳಿದವಳ ಹಾಗೆ ಓಡಾಡುತ್ತಿದ್ದೆ.

ಹನ್ನೊಂದರ ಸುಮಾರಿಗೆ, ಮಂಡಿ ಆಪರೇಷನ್ ಆಗಿದ್ದ ಮಿಸ್ ಲೊರೆಟ್ಟಾ ಎಂಬ ಅಜ್ಜಿ ಇದ್ದಕ್ಕಿದ್ದಂತೆ ಬೆವರತೊಡಗಿದರು. ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ ತುಂಬಾ ಇಳಿದಿತ್ತು. ತಕ್ಷಣ ಜ್ಯೂಸ್ ಕೊಡಬೇಕು. ಅದನ್ನು ಎಲ್ಲಿಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ! ಕಾಲ್ ಬೆಲ್ ಒತ್ತಿ ಬಾಗಿಲಿಗೆ ಓಡಿದೆ. ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಟ್ಟೆ.

"ಎಡಕ್ಕೆ ಹೋಗು, ಮಗಳೇ," ಹಾಸಿಗೆಯಿಂದ ಸಣ್ಣ ದನಿ ಬಂತು. "ಎರಡನೇ ಬಾಗಿಲು. ಒಳಗೆ ಚಿಕ್ಕ ಫ್ರಿಜ್ ಇದೆ."

ಜ್ಯೂಸ್ ಕುಡಿದ ಹದಿನೈದು ನಿಮಿಷಕ್ಕೆ ಅವರ ಮುಖಕ್ಕೆ ಕಳೆ ಬಂತು.

"ನಿಮಗೆ ಹೇಗೆ ಗೊತ್ತು?" ಅಂದೆ.

"ಇದೇ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದೆ. ನಿನಗಿದು ಎಷ್ಟನೇ ದಿನ?"

"ಎರಡನೇದು," ಅಂದೆ, ತಲೆ ತಗ್ಗಿಸಿ.

"ಕೇಳೋಕೇನು ನಾಚಿಕೆ? ನಾನಂತೂ ಮೊದಲ ದಿನ ಬಾತ್‌ರೂಮ್ ಎಲ್ಲಿ ಅಂತ ಕೇಳದೆ ಸಂಜೆವರೆಗೆ ತಡ್ಕೊಂಡಿದ್ದೆ!"

ಇಬ್ಬರೂ ನಕ್ಕೆವು. ಮಧ್ಯಾಹ್ನ ಊಟದ ಮೆನುವಿನ ಹಿಂಬದಿಯಲ್ಲಿ ಇಡೀ ವಾರ್ಡಿನ ನಕ್ಷೆ ಬರೆದುಕೊಟ್ಟರು. ಆಮೇಲೆ ಅಟ್ಲಾಂಟಾ, ಜರ್ಮನ್‌ಟೌನ್, ಎಲ್ಲಿಗೆ ಹೋದರೂ ಮೊದಲ ದಿನವೇ ಎಲ್ಲವನ್ನೂ ಕೇಳಿಬಿಡುತ್ತೇನೆ.

ನಕ್ಷೆಯಲ್ಲಿ ಒಂದೇ ಒಂದು ತಪ್ಪಿತ್ತು. ಕಾಫಿ ಮೆಷಿನ್ ಎಂದು ಗುರುತು ಹಾಕಿದ್ದ ಜಾಗದಲ್ಲಿ ಪ್ರಿಂಟರ್ ಕೂತಿತ್ತು. ಅದನ್ನು ಅವರಿಗೆ ಹೇಳಲು ಮನಸ್ಸಾಗಲಿಲ್ಲ. ಕಾಫಿ ಎಲ್ಲಿ ಅಂತ ಬೇರೆಯವರನ್ನು ಕೇಳಿಕೊಂಡೆ.