ವಿಮಾನಕ್ಕೊಂದು ಎಳೆ ರೇಷ್ಮೆ

ಗೆಳೆಯರೇ, ಇವತ್ತು ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರೊಬ್ಬರ ಮನೆಗೆ ಹೋಗಿ ಒಂದೇ ಒಂದು ಎಳೆ ರೇಷ್ಮೆ ಕೇಳಿದೆ. ಯುದ್ಧದಲ್ಲಿ ಮಡಿದ ಪೈಲಟ್ ಒಬ್ಬರ ನೆನಪಿಗೆ ನಾನು ಕಟ್ಟುತ್ತಿರುವ ಗೇಣುದ್ದದ ಮಾದರಿ ವಿಮಾನಕ್ಕೆ ರೇಡಿಯೋ ಏರಿಯಲ್ ತಂತಿ ಆಗಬೇಕಿತ್ತು. ಮೊದಲಾದರೆ ಹೆಂಡತಿಯ ತಲೆಗೂದಲೇ ಸಾಕಿತ್ತು. ಅವಳು ಹೋಗಿ ಮೂರು ವರ್ಷ. ಎಳೆ ಯಾಕೆಂದು ರೀಲರ್ ಕೇಳಿದ್ದಕ್ಕೆ "ಟ್ರಿಬ್ಯೂಟ್, ಇನ್ ಮೆಮೊರಿ ಆಫ್..." ಎಂದೆ, ಮುಂದಿನ ಇಂಗ್ಲಿಷ್ ಮರೆತಿತ್ತು.

ಪೈಲಟ್ ವಿಷಯ ಕೇಳಿಸಿಕೊಂಡು ಅವರ ಅಜ್ಜಿ ಒಳಗಿನಿಂದ ಬಂದರು. "ಲಡಾಯಿ ಕಾಲ್ದಾಗೆ ಮೇಲಿಂದ ಧುಮುಕೋ ಕೊಡೆಗೆ ನಮ್ ರೇಷ್ಮೇನೇ ತಗೊಂಡೋಗೋರು. ಈವಯ್ಯ ಇಳಿದ್ನಾ ನಾಯ್ನಾ?"

"ಇಲ್ಲಮ್ಮ. ತಲೆ ಮೇಲಿನ ಗಾಜಿನ ಮುಚ್ಚಳ ತೆಗೆಯೋಕೇ ಆಗ್ಲಿಲ್ವಂತೆ."

"ಅಯ್ಯೋ! ಈಗ ನೀನೇ ತಾನೆ ಕಟ್ತಿರೋದು? ತೆಗೆದಿಡಪ್ಪ!" ಎಂದು ಗದರಿ ಎಳೆ ಕೊಟ್ಟರು.

ಮನೆಗೆ ಬಂದು ಮುಚ್ಚಳವನ್ನು ತೆರೆದೇ ಅಂಟಿಸಿದೆ. ಚರಿತ್ರೆಯ ಪ್ರಕಾರ ತಪ್ಪು. ತಿದ್ದಬೇಕೆನ್ನುವವರು ಮೊದಲು ಶಿಡ್ಲಘಟ್ಟಕ್ಕೆ ಹೋಗಿ ಅಜ್ಜಿಯನ್ನು ಒಪ್ಪಿಸಿ ಬನ್ನಿ.