ಫೀಸು ಬೇಡವೆಂದ ವಕೀಲ

ತೊಂಬತ್ತರ ದಶಕದ ಆರಂಭದ ವರ್ಷಗಳವು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಶಹಾಪುರದ ಕೋರ್ಟಿನಲ್ಲಿ ಸಿದ್ರಾಮಪ್ಪ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ಕಾಲುವೆಗೆ ನೀರು ಬಂದಿತ್ತು, ಉಪಕಾಲುವೆಗಳನ್ನು ಅಗೆಯುವ ಕೆಲಸ ನಡೆದಿತ್ತು. ಜಾಗದ ಬೆಲೆ ಏರಿತ್ತು, ಅದರ ಜೊತೆಗೆ ನಮ್ಮ ಕೆಲಸವೂ ಹೆಚ್ಚಿತ್ತು.

ಸಿದ್ರಾಮಪ್ಪನವರು ನನಗೆ ವಕೀಲಿ ಕಲಿಸಿದವರು. ವನದುರ್ಗದಿಂದ ಒಂದು ಕರಿ ಕೋಟು ಹಿಡಿದು ಬಂದ ನನಗೆ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟು, ಎರಡು ವರ್ಷ ಊಟ ಹಾಕಿದ್ದರು. ಅವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ಆಗ ಒಂದು ರೂಢಿಯಿತ್ತು. ಮನೆ ಮಾರುವವನಿಗೂ ಕೊಳ್ಳುವವನಿಗೂ ಒಬ್ಬನೇ ವಕೀಲ. ಮಾರುವವನೇ ಅವನನ್ನು ಗೊತ್ತುಮಾಡುತ್ತಿದ್ದ, ಫೀಸೂ ಅವನದೇ. ಕೊಳ್ಳುವವನು ಬೇರೆ ವಕೀಲನನ್ನು ಹಿಡಿದರೆ, “ಯಾಕ, ನನ್ನ ಮ್ಯಾಲೆ ಭರೋಸಾ ಇಲ್ಲೇನು?” ಎಂದು ಮಾರುವವನಿಗೆ ಸಿಟ್ಟು. ಲಕ್ಷಗಟ್ಟಲೆ ಕೊಟ್ಟು ಮನೆ ಕೊಳ್ಳುವ ಜನ ಈ ಒಂದು ಮಾತಿಗೆ ಅಂಜುತ್ತಿದ್ದರು!

ಸುಜಾತಾ ಅಕ್ಕೋರು ಬಂದದ್ದೂ ಹಾಗೆಯೇ, ಮಾರುವವನು ಗೊತ್ತುಮಾಡಿದ ನಮ್ಮ ಆಫೀಸಿಗೆ. ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ನಮ್ಮಲ್ಲಿ ಅಕ್ಕೋರು ಅನ್ನುತ್ತಾರೆ. ಬಳಿಚಕ್ರದ ಕಡೆಯ ಕೂಲಿಕಾರರ ಮಗಳು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು. ಶಹಾಪುರದಲ್ಲಿ ಆರು ವರ್ಷಕ್ಕೆ ಐದು ಬಾಡಿಗೆ ಮನೆ ಬದಲಿಸಿದ್ದರು. ಜಾತಿ ಕೇಳಿದ ಮೇಲೆ ಕೊಟ್ಟ ಅಡ್ವಾನ್ಸ್ ವಾಪಸ್ ಕೈಗಿಟ್ಟ ಮಾಲೀಕರನ್ನೂ ಕಂಡವರು. ಹಾಗಾಗಿ ಯಾರೂ ಎಬ್ಬಿಸಲಾಗದ ಒಂದು ಸ್ವಂತ ಮನೆ ಬೇಕಿತ್ತು ಅವರಿಗೆ. ಊರಂಚಿನಲ್ಲಿದ್ದ ತನ್ನ ಮೂರು ಕೋಣೆಯ ಮನೆಯನ್ನು ಕಿರಾಣಿ ಅಂಗಡಿಯ ಗುರಪ್ಪ ಜಾತಿಯ ಮಾತೇ ಎತ್ತದೆ ಕೊಡಲು ಒಪ್ಪಿದ್ದ. ಅಷ್ಟಕ್ಕೇ ಆ ತಾಯಿ ಅವನನ್ನು ದೇವರಂಥ ಮನುಷ್ಯ ಅನ್ನುತ್ತಿದ್ದರು.

ಆಫೀಸಿಗೆ ಬಂದ ದಿನವೇ ಪರ್ಸಿನಿಂದ ಫೀಸಿನ ಲಕೋಟೆ ತೆಗೆದರು. ಸಿದ್ರಾಮಪ್ಪನವರು ಎರಡೂ ಕೈ ಎತ್ತಿದರು.

“ಒಳಗ ಇಡ್ರಿ ಅಕ್ಕೋರ. ಮಕ್ಕಳಿಗೆ ಅಕ್ಷರ ಕಲಸೋರ ಹತ್ರ ರೊಕ್ಕ ತಗೊಂಡ್ರ ನನಗ ದಕ್ಕತದೇನ್ರಿ?”

ನನ್ನ ಗುರುಗಳ ದೊಡ್ಡತನ ಕಂಡು ಎದೆಯುಬ್ಬಿತ್ತು. ಎಂಥಾ ಮಂಗ ನಾನು!

ಕಾಗದ ಪರಿಶೀಲನೆ ನನ್ನ ಪಾಲಿಗೆ ಬಂತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದೆ. ಆಸ್ತಿಯ ಮೇಲೆ ಸಾಲ, ಅಡಮಾನ, ಹಳೆಯ ಮಾರಾಟ ಇದ್ದರೆ ಅದರಲ್ಲಿ ಕಾಣುತ್ತದೆ. ಎಲ್ಲವೂ ಸ್ವಚ್ಛವಾಗಿತ್ತು. ಆದರೆ ಸರ್ಕಾರ ಕಾಲುವೆಗೆ ಹಿಡಿದ ಜಾಗ ಅದರಲ್ಲಿ ಕಾಣುವುದಿಲ್ಲ. ಆ ಮನೆಯಿಂದ ಸ್ವಲ್ಪ ದೂರದಲ್ಲಿ ಗುರುತಿನ ಕಲ್ಲು ನೆಟ್ಟದ್ದನ್ನು ನೋಡಿದ್ದೆ. ಅನುಮಾನ ಬಂದು ಭೂಸ್ವಾಧೀನ ಕಚೇರಿಗೆ ಹೋಗಿ ಪರಿಹಾರದ ರಿಜಿಸ್ಟರ್ ತೆಗೆಸಿದೆ. ಅದರಲ್ಲಿ ಅದೇ ಸರ್ವೆ ನಂಬರು, ಅದೇ ಮನೆ. ಪರಿಹಾರ ಪಡೆದವನ ಸಹಿ ಗುರಪ್ಪನದು. ಸರ್ಕಾರಕ್ಕೆ ಕೊಟ್ಟು ಹಣ ಎಣಿಸಿಕೊಂಡ ಮನೆಯನ್ನು ಮತ್ತೆ ಮಾರಲು ಹೊರಟಿದ್ದ. ಅದಕ್ಕೇ ಅವನಿಗೆ ಭೂಸ್ವಾಧೀನದ ಸುದ್ದಿ ತಿಳಿಯದ, ಬೇರೆ ಮನೆ ಸಿಗದ ಗಿರಾಕಿ ಬೇಕಾಗಿತ್ತು.

ಎರಡು ಹಾಳೆ ವರದಿ ಬರೆದು ಸಿದ್ರಾಮಪ್ಪನವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಓದಿದರು. “ಶಾಬಾಸ್ ಮಲ್ಲಣ್ಣ, ಚೊಲೋ ಹುಡುಕಿದಿ. ನಾ ಅಕ್ಕೋರಿಗಿ ಹೇಳ್ತೀನಿ ತಗೋ,” ಎಂದು ಫೈಲಿನಲ್ಲಿಟ್ಟರು.

ಮರುವಾರ ನನ್ನನ್ನು ಸುರಪುರದ ಕೋರ್ಟಿಗೆ ಒಂದು ಕೇಸಿನ ಮೇಲೆ ಕಳಿಸಿದರು. ನಾನು ಅಲ್ಲಿದ್ದಾಗ ಇಲ್ಲಿ ರಿಜಿಸ್ಟ್ರಿ ಮುಗಿದಿತ್ತು. ಬಂದ ಮೇಲೆ ಅಕ್ಕೋರು ಪೇಡೆ ಕೊಟ್ಟರು. ವಿಷಯ ತಿಳಿದೇ ಕೊಂಡಿದ್ದಾರೆ, ಗುರುಗಳು ಏನೋ ದಾರಿ ಮಾಡಿರಬೇಕು ಅಂದುಕೊಂಡು ತಿಂದೆ. ಒಂದು ಮಾತು ಕೇಳಲಿಲ್ಲ. ಕೇಳಿದರೆ ಗುರುಗಳ ಮೇಲೆ ಸಂಶಯಪಟ್ಟಂತೆ ಆಗುತ್ತದಲ್ಲ ಎಂಬ ಸಂಕೋಚ.

ವರ್ಷ ತುಂಬುವುದರೊಳಗೆ ಮನೆ ಖಾಲಿ ಮಾಡುವ ನೋಟಿಸು ಬಂತು. ಅಕ್ಕೋರು ಅದನ್ನು ಹಿಡಿದು ಸೀದಾ ಆಫೀಸಿಗೆ ಬಂದರು. ಕೂಡಿರಿ ಅಂದರೂ ಕೂಡಲಿಲ್ಲ.

“ವಕೀಲ್ರ, ಇದೇನ್ರಿ? ನೀವು ಎಲ್ಲಾ ನೋಡೀನಿ ಅಂದಿದ್ರಲ್ರಿ?”

ಸಿದ್ರಾಮಪ್ಪನವರು ನೋಟಿಸನ್ನು ಮುಟ್ಟಲೂ ಇಲ್ಲ. “ನಾ ಗುರಪ್ಪನ ವಕೀಲ ಅಕ್ಕೋರ. ನಿಮ್ಮ ಕೈಲಿಂದ ಒಂದು ಪೈಸಾ ತಗೊಂಡೀನೇನು? ನೀವ ಹೇಳ್ರಿ.”

ಥೂ! ಇವತ್ತಿಗೂ ಆ ಮಾತು ನೆನೆದರೆ ಬಾಯಿ ಕಹಿಯಾಗುತ್ತದೆ. ಅಂದು ಫೀಸು ಬೇಡವೆಂದು ಎರಡು ಕೈ ಎತ್ತಿದ್ದು ಈ ಒಂದು ಮಾತಿಗಾಗಿ. ಎದ್ದು ಫೈಲು ತೆಗೆದೆ. ನನ್ನ ಎರಡು ಹಾಳೆ ಅದರಲ್ಲಿ ಇರಲಿಲ್ಲ.

ಅಕ್ಕೋರು ನನ್ನ ಕಡೆ ತಿರುಗಿದರು. “ನಿಮಗರ ಗೊತ್ತಿತ್ತೇನ್ರಿ ಮಲ್ಲಣ್ಣಾರ?”

“ಗೊತ್ತಿತ್ರಿ. ಬರದು ಕೊಟ್ಟಿದ್ದೆ.”

“ಯಾರಿಗಿ?”

ನಾನು ಗುರುಗಳ ಕಡೆ ಕೈ ತೋರಿಸಿದೆ.

“ಮನಿ ಇವರು ತಗೊಳ್ಳಾಕತ್ತಿದ್ರೇನ್ರಿ?”

ಅಂದೇ ಗುರುಗಳ ಮನೆಯ ಹಿಂದಿನ ಕೋಣೆಯಿಂದ ನನ್ನ ಟ್ರಂಕು ಹೊರಗೆ ತಂದೆ. ಸಿದ್ರಾಮಪ್ಪನವರು ಹಾಕಿದ ಊಟದ ಲೆಕ್ಕ ಹೇಳಿದರು. ಹೇಳಲಿ, ಉಂಡಿದ್ದು ಸುಳ್ಳಲ್ಲ. ಆದರೆ ಅಪ್ಪನ ಹಾಗೆ ನಂಬಿದ ಮನುಷ್ಯ ನನ್ನ ಬೆವರಿನ ವರದಿಯನ್ನೇ ಮುಚ್ಚಿಟ್ಟು ಗುರಪ್ಪನ ಮೋಸಕ್ಕೆ ದಾರಿ ಸಾಫ್ ಮಾಡಿದ್ದರು.

ಮನೆ ಉಳಿಯಲಿಲ್ಲ. ಇವತ್ತು ಅಲ್ಲಿ ಉಪಕಾಲುವೆಯ ಏರಿಯಿದೆ. ಗುರಪ್ಪನ ಮೇಲೆ ಹಾಕಿದ ದಾವೆಗೆ ಅಕ್ಕೋರು ಬೇರೆ ಊರಿನ ವಕೀಲರನ್ನು ಹಿಡಿದರು. ನನ್ನನ್ನು ಸಾಕ್ಷಿ ಹೇಳಲು ಮಾತ್ರ ಕರೆಸಿದರು. ಎಂಟು ವರ್ಷ ಕೋರ್ಟಿಗೆ ಅಲೆದ ಮೇಲೆ ದಸ್ತಾವೇಜಿನಲ್ಲಿ ಬರೆದಿದ್ದಷ್ಟೇ ಹಣ ವಾಪಸಾಯಿತು. ಅಷ್ಟೂ ದಿನ ಅವರು ಮತ್ತೆ ಬಾಡಿಗೆ ಮನೆಗಳಲ್ಲೇ ಇದ್ದರು.

ಅದಾಗಿ ಕೆಲವು ವರ್ಷಕ್ಕೆ ನನ್ನ ಸ್ವಂತ ಆಫೀಸಿಗೆ ಬಂದರು. ತಲೆ ನೆರೆತಿತ್ತು. ವಡಗೇರಾದಲ್ಲಿ ಒಂದು ಮನೆ ನೋಡಿದ್ದರು.

“ನಿಮ್ಮನ್ನ ಕೇಳಿದ್ರ ನೀವು ಸುಳ್ಳು ಹೇಳಂಗಿಲ್ಲ, ಕೇಳದಿದ್ರ ಖರೇನೂ ಹೇಳಂಗಿಲ್ಲ,” ಅಂದರು. “ಅದಕ್ಕ ಈ ಸಲ ಕೇಳಾಕ ಬಂದೀನ್ರಿ.” ಮೇಜಿನ ಮೇಲೆ ಲಕೋಟೆ ಇಟ್ಟರು.

ನನ್ನ ಕಣ್ಣು ತುಂಬಿ ಬಂತು. “ನಿಮ್ಮ ಹತ್ರ ಫೀಸು ಬ್ಯಾಡ್ರಿ ಅಕ್ಕೋರ,” ಅಂದುಬಿಟ್ಟೆ.

ಅವರ ಮುಖ ಕಪ್ಪಿಟ್ಟಿತು. ಲಕೋಟೆ ಎತ್ತಿಕೊಂಡು, ಬ್ಯಾಗು ಹೆಗಲಿಗೇರಿಸಿ ಎದ್ದೇಬಿಟ್ಟರು. “ಹಂಗಾದ್ರ ನಾ ಬ್ಯಾರೆ ವಕೀಲ್ರ ಕಡಿ ಹೋಗ್ತೀನ್ರಿ.”

ಓಡಿಹೋಗಿ ಬಾಗಿಲಲ್ಲಿ ತಡೆದೆ. ಕೈಮುಗಿದು ಲಕೋಟೆ ತೆಗೆದುಕೊಂಡೆ, ರಸೀದಿ ಬರೆದುಕೊಟ್ಟೆ.

ಮನೆ ಕೊಳ್ಳುವವರಿಗೆ ನಾನು ಈಗ ಹೇಳುವುದು ಇಷ್ಟೇ: ಮಾರುವವನು ಮುನಿಸಿಕೊಂಡರೂ ಸರಿ, ನಿಮ್ಮ ವಕೀಲನನ್ನು ನೀವೇ ಹಿಡಿಯಿರಿ, ನಿಮ್ಮ ಕೈಯಿಂದಲೇ ಫೀಸು ಕೊಡಿ. ವಕೀಲರಿಗೆ ಹೇಳುವುದು: ಕಂಡದ್ದನ್ನು ಮನೆ ಕೊಳ್ಳುವವರ ಕೈಗೇ ಕೊಡಿ. ಇದನ್ನು ನನಗೆ ಕಲಿಸಿದ್ದು ಯಾವ ಸೀನಿಯರ್ರೂ ಅಲ್ಲ.

ಅಕ್ಕೋರು ಅವತ್ತು ರಸೀದಿಯನ್ನು ಎರಡು ಸಲ ಓದಿ, ಮಕ್ಕಳ ಕಾಪಿ ತಿದ್ದುವವರಂತೆ ನನ್ನ ಮುಂದೆ ವಾಪಸ್ ಇಟ್ಟರು.

“ಯಾರ ವಕೀಲ್ರಂತ ಇದರಾಗ ಬರದಿಲ್ಲಲ್ರಿ. ಬರೀರಿ.”

ಬರೆದೆ.