ಅಳತೆ ಕೋಲಿನ ಕೆಳಗಿಟ್ಟ ರಬ್ಬರ್

ನಾನು ಚಿಕ್ಕವಳಿದ್ದಾಗ, ನೆಲ ಕುಸಿದು ಮುಗಿಯುವುದನ್ನು ಕಾಯುವುದೇ ನಮ್ಮ ಅಪ್ಪನ ಕೆಲಸವಾಗಿತ್ತು. ನಗಬೇಡಿ ಮಕ್ಕಳೇ, ನಿಜ. ಸಿಯಾಲ್ದಾ ರೈಲು ನಿಲ್ದಾಣ ದಾಟಿ ಪೂರ್ವಕ್ಕೆ ಬಂದರೆ ಆಗ ಬರೀ ಜೌಗು. ಅಲ್ಲೊಂದು ಕಾಲುವೆಗೆ ಸೇತುವೆ ಕಟ್ಟಿ ಮುಗಿಸಿದ್ದರು. ಸೇತುವೆಗೆ ಹತ್ತುವ ರಸ್ತೆ ಮಾತ್ರ ಆಗಿರಲಿಲ್ಲ. ಆ ರಸ್ತೆ ಬರಬೇಕಾದ ಜಾಗದಲ್ಲಿ ಹಿಂದೆ ಒಂದು ಪುಕುರ್ ಇತ್ತು. ಮೆಟ್ಟಿಲಿಳಿದು ಬಟ್ಟೆ ಒಗೆಯುವ ಕೊಳಕ್ಕೆ ಇಲ್ಲಿ ಹಾಗೇ ಅನ್ನುವುದು, ನಿಮಗೇ ಗೊತ್ತಲ್ಲ.

ಕೊಳ ಮುಚ್ಚಿದ್ದರೂ ಅದರ ತಳದ ಕೆಸರು ದೋಸೆ ಹಿಟ್ಟಿನಷ್ಟು ಮೆತ್ತಗಿತ್ತು. ಅಪ್ಪ ಆಳವಾದ ರಂಧ್ರಗಳನ್ನು ಕೊರೆಸಿ ಮರಳು ತುಂಬಿಸಿದರು. ಅದರ ಮೇಲೆ ಗುಡ್ಡದಷ್ಟು ಮಣ್ಣು ಹೇರಿಸಿದರು. ಆ ಭಾರಕ್ಕೆ ಕೆಸರಿನ ನೀರು ಮರಳಿನೊಳಗಿಂದ ಮೇಲೇರಿ ಪಕ್ಕದ ಚರಂಡಿಗೆ ಜಿನುಗುತ್ತಿತ್ತು. ನೀರು ಹೋದಷ್ಟೂ ನೆಲ ಕುಗ್ಗಿ ಗಟ್ಟಿಯಾಗುತ್ತದೆ. ಕುಗ್ಗುವುದು ನಿಂತ ಮೇಲೆ ಹೆಚ್ಚಿನ ಮಣ್ಣು ತೆಗೆದು ರಸ್ತೆ ಹಾಕಬೇಕು. ಗುಡ್ಡದ ಅಡಿಯಲ್ಲಿ ಹುಗಿದ ತಟ್ಟೆಯಿಂದ ಒಂದು ಕಬ್ಬಿಣದ ಕೊಳವೆ ಮೇಲಕ್ಕೆ ಚಾಚಿತ್ತು. ಅದು ಎಷ್ಟು ಇಳಿಯಿತೆಂದು ಅಪ್ಪ ವಾರ ವಾರವೂ ಅಳೆಯುತ್ತಿದ್ದರು.

ಅದೇ ಸಮಯಕ್ಕೆ ಮೈಸೂರಿನಿಂದ ಕಾಗದ ಬಂತು. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಹಾಸಿಗೆ ಹಿಡಿದಿದ್ದರು. ಅಪ್ಪ ಒಬ್ಬರೇ ಮಗ. ಆದರೆ ಅವರು ಊರಿಗೆ ಹೊರಟರೆ ಮರುದಿನವೇ ಆ ಮಣ್ಣು ತೆಗೆಸಿ ರಸ್ತೆ ಹಾಕಿಸಲು ಮೇಲಿನವರು ಕಾದಿದ್ದರು.

"ಒಂದೇ ಒಂದು ವಾರ ಅಳತೆ ಅಲ್ಲಾಡದೆ ನಿಲ್ಲಲಿ, ಹೊರಟುಬಿಡೋಣ" ಎನ್ನುತ್ತಿದ್ದರು ಅಪ್ಪ.

ಅಕ್ಕ ಆಗಲೇ ಟ್ರಂಕಿಗೆ ಬಟ್ಟೆ ತುಂಬಿಟ್ಟಿದ್ದಳು. "ನಿಮ್ಮ ಗುಡ್ಡಕ್ಕೆ ಹೊಟ್ಟೆ ತುಂಬೋದು ಯಾವಾಗಪ್ಪಾ? ನನ್ನ ಹೊಸ ಲಂಗ ಗಿಡ್ಡ ಆಗೋದ್ರೊಳಗೆ ಆದ್ರೆ ಸಾಕು" ಎಂದು ಚುಚ್ಚಿದಳು. ಅಪ್ಪ ನಗಲಿಲ್ಲ.

ದುರ್ಗಾಪೂಜೆಗೆ ಇನ್ನೂ ಕೆಲವು ದಿನಗಳಿದ್ದವು. ಕಾಲುವೆಯ ದಂಡೆಯಲ್ಲಿ ಕಾಶದ ಹುಲ್ಲಿನ ಹೂವು ಬೆಳ್ಳಗೆ ತೂಗುತ್ತಿತ್ತು. ಆ ಭಾನುವಾರ ಅಳತೆ ಕೋಲು ಹಿಡಿಯುವವನಿಗೆ ಜ್ವರ ಬಂದದ್ದರಿಂದ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಗುಡ್ಡದ ಬುಡದಲ್ಲಿ ಮಂಡಕ್ಕಿ ಮಾರುವ ಮುದುಕಿ ಕುಳಿತಿದ್ದಳು. ಒಂದು ಕಾಲದಲ್ಲಿ ಅವಳು ಅದೇ ಕೊಳದಲ್ಲಿ ಪಾತ್ರೆ ತೊಳೆಯುತ್ತಿದ್ದಳಂತೆ.

"ಕೊಳ ಈಗೆಲ್ಲಿದೆ, ಠಾಕುಮಾ?" ಎಂದು ಕೇಳಿದೆ.

"ಪುಕುರ್ ಕೋಥಾಯ್ ಜಾಬೇ, ಮಾ?" ಎಂದಳು. ಕೊಳ ಎಲ್ಲಿಗೆ ತಾನೇ ಹೋದೀತು ಮಗಳೇ, ಎಂದು. ತನ್ನ ಕೈಯಿಂದ ಜಾರಿದ ಹಿತ್ತಾಳೆಯ ತಂಬಿಗೆ ಇನ್ನೂ ಮೂರನೆಯ ಮೆಟ್ಟಿಲ ಮೇಲಿದೆ ಎಂದೂ ಹೇಳಿದಳು.

ನಾನು ಗುಡ್ಡ ಹತ್ತಿ ಕೊಳವೆಗೆ ಕಿವಿಯಿಟ್ಟೆ. ಕಬ್ಬಿಣ ತಣ್ಣಗಿತ್ತು. ಒಳಗೆ ಯಾರೋ ಉಸಿರು ಬಿಗಿಹಿಡಿದು ಕುಳಿತಂತಿತ್ತು. ದೂರದಲ್ಲಿ ಅಪ್ಪ ದುರ್ಬೀನಿಗೆ ಕಣ್ಣಿಟ್ಟು ಕೈ ಎತ್ತಿದರು. ಕೊಳವೆಯ ಬಾಯಿಯ ಮೇಲೆ ನನಗಿಂತ ಎತ್ತರದ ಕೋಲನ್ನು ನಿಲ್ಲಿಸಬೇಕಿತ್ತು. ನಾನು ಜೇಬಿನಿಂದ ಶಾಲೆಯ ರಬ್ಬರ್ ತೆಗೆದು ಕೋಲಿನ ಕೆಳಗಿಟ್ಟೆ. ಒಂದು ವಾರದ ಇಳಿತ ಸುಮಾರು ಅಷ್ಟೇ ದಪ್ಪ ಎಂದು ಅಪ್ಪ ಮನೆಯಲ್ಲಿ ಬೆರಳಿನಲ್ಲಿ ತೋರಿಸಿದ್ದರು. ಕೋಲು ಅಷ್ಟು ಮೇಲೆ ನಿಂತರೆ ಕೊಳವೆ ಇಳಿದೇ ಇಲ್ಲವೆಂದು ಕಾಣುತ್ತದಲ್ಲ.

ಅಪ್ಪ ಬರೆದುಕೊಂಡರು. ಮತ್ತೊಮ್ಮೆ ನೋಡಿದರು. ನಾನು ಇಳಿದು ಬಂದಾಗ ನನ್ನ ಜಡೆ ಹಿಡಿದು ಮೆಲ್ಲಗೆ ಎಳೆದರು.

"ನಿಂತಿತು ಪುಟ್ಟಿ. ನಾಳೆ ಟಿಕೆಟ್ ತೆಗೆಸ್ತೀನಿ."

ಅವರು ದುರ್ಬೀನಿನ ಕಾಲು ಮಡಿಸುತ್ತಿದ್ದಾಗ ನಾನು ಚರಂಡಿಯ ಕಡೆ ನೋಡಿದೆ. ಮರಳಿನಿಂದ ನೀರು ಇನ್ನೂ ಉಕ್ಕುತ್ತಿತ್ತು. ಒಂದು ಗುಳ್ಳೆ, ಸ್ವಲ್ಪ ತಡೆದು ಇನ್ನೊಂದು. ಕೆಳಗೆ ಯಾರೋ ಏನೋ ಹೇಳಲು ಬಾಯಿ ತೆರೆದಂತೆ. ಜನ ತುಂಬಿದ ಬಸ್ಸೊಂದು ಆ ತಂಬಿಗೆಯಿದ್ದ ಮೆಟ್ಟಿಲಿನವರೆಗೂ ಇಳಿದುಹೋಗುವುದು ಕಣ್ಣಿಗೆ ಕಟ್ಟಿತು.

ಅಂಗೈ ಬಿಚ್ಚಿ ಅಪ್ಪನಿಗೆ ತೋರಿಸಿದೆ. ರಬ್ಬರಿನ ಮೇಲೆ ಕೊಳವೆಯ ದುಂಡನೆಯ ಗುರುತು ಮೂಡಿತ್ತು.

ಅಪ್ಪ ರಬ್ಬರ್ ನೋಡಿದರು, ಚರಂಡಿ ನೋಡಿದರು. ಮಡಿಸಿದ ಕಾಲುಗಳನ್ನು ಮತ್ತೆ ಬಿಡಿಸಿ ನಿಲ್ಲಿಸಿದರು.

"ಹೋಗು, ಸರಿಯಾಗಿ ಹಿಡಿ" ಎಂದರು, ಅಷ್ಟೆ. ಹಳೆಯ ಸಂಖ್ಯೆಯ ಮೇಲೆ ಒಂದು ಗೆರೆ ಎಳೆದು ಹೊಸದನ್ನು ಬರೆದರು.

ಟ್ರಂಕಿನ ಬಟ್ಟೆಯೆಲ್ಲ ಮತ್ತೆ ಬೀರುವಿಗೆ ಹೋಯಿತು. ಅಕ್ಕ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ನೆಲ ನಿಲ್ಲುವ ಮೊದಲೇ ಮೈಸೂರಿನಿಂದ ತಂತಿ ಬಂತು. ಅಜ್ಜಿ ಕಾಯಲಿಲ್ಲ. ಸಾವಿನ ಸುದ್ದಿ ಎಂದು ಮೇಲಿನವರು ಆ ಕೆಲವು ದಿನ ಮಣ್ಣು ಮುಟ್ಟದಿರಲು ಒಪ್ಪಿದರು. ಅಪ್ಪ ಒಬ್ಬರೇ ಹೋಗಿ, ತಲೆ ಬೋಳಿಸಿಕೊಂಡು ಬೇಗನೆ ಹಿಂತಿರುಗಿದರು. ಬಂದ ಭಾನುವಾರವೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಬಾ ಪುಟ್ಟಿ, ಕೋಲು ನೀನೇ ಹಿಡಿ" ಎಂದರು. ಹಿಡಿಯುವವನ ಜ್ವರ ಎಂದೋ ಬಿಟ್ಟಿತ್ತು.

ಈಗ ನಿಮ್ಮ ಸ್ಕೂಲ್ ಬಸ್ಸು ದಿನವೂ ಸಾಲ್ಟ್ ಲೇಕಿಗೆ ಆ ಸೇತುವೆಯ ಮೇಲೇ ಹೋಗುತ್ತದೆ. ಬೇರೆ ಸೇತುವೆಗಳಲ್ಲಿ ರಸ್ತೆ ಮುಗಿದು ಸೇತುವೆ ಶುರುವಾಗುವಲ್ಲಿ ಧಡ್ ಎನ್ನುತ್ತದೆ, ನಿಮ್ಮ ಫೋನು ಕೈಯಲ್ಲಿ ಎಗರುತ್ತದೆ. ಅಲ್ಲಿ ಹಾಗಾಗುವುದಿಲ್ಲ. ನೀವು ತಲೆ ಎತ್ತುವುದೂ ಇಲ್ಲ. ನಿಮ್ಮ ಜೊತೆ ಆಟೋದಲ್ಲಿ ಹೋಗುವಾಗ ನಾನು ಮಾತ್ರ ಅಲ್ಲಿ ಎರಡೂ ಪಾದ ಮೇಲೆತ್ತಿ ಕೂರುತ್ತೇನೆ. "ಅಜ್ಜೀ, ವೈ ಡು ಯು ಡು ದಟ್?" ಎಂದು ನೀವು ಎಷ್ಟು ಸಲ ಕೇಳಿದ್ದೀರಿ.

ಅದರ ಕೆಳಗೆ ಒಂದು ತಂಬಿಗೆ ಇದೆ, ಮಕ್ಕಳೇ. ಅಪ್ಪ ತಮ್ಮ ಅಮ್ಮನನ್ನು ನೋಡದೆ ಕಾದ ವಾರಗಳೂ ಇವೆ. ಅವುಗಳ ಮೇಲೆ ನಾನೊಬ್ಬಳಾದರೂ ಭಾರ ಹಾಕದಿರೋಣ ಅಂತ.